ಮಳೆಗಾಳಿಯಲ್ಲಿ ಸ್ಕೂಟರ್ ಸವಾರಿ

ವಿದ್ಯಾರ್ಥಿಗಳೇ, ಈ ವಾರ್ಷಿಕ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಮಾರ್ಚ್ ತಿಂಗಳ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಈಗ ಮಳೆಯ ಮಾತೇಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಬಾಗಿಲು ತೆರೆಯುವುದೂ ಮಳೆಗಾಲ ತೊಡಗುವುದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಆ ನಾಲ್ಕು ತಿಂಗಳು ನಿಮ್ಮಲ್ಲಿ ಎಷ್ಟೋ ಮಂದಿ ತಂದೆಯ, ತಾಯಿಯ ಅಥವಾ ಅಣ್ಣನ ಸ್ಕೂಟರಿನ ಹಿಂಬದಿಯಲ್ಲಿ ಕುಳಿತು ಶಾಲೆಗೆ ಬರುತ್ತೀರಿ. ಆದ್ದರಿಂದ ಈ ಪಾಠದಲ್ಲಿ ಅರ್ಧ ನಿಮಗೆ, ಅರ್ಧ ನಿಮ್ಮ ಮನೆಯ ಹಿರಿಯರಿಗೆ.

ಸಂಜೆ ನಾಲ್ಕಕ್ಕೆ ಗಂಟೆ ಬಾರಿಸಿದೊಡನೆ ಗೇಟಿನ ಬಳಿ ನಡೆಯುವುದನ್ನು ಜಗಲಿಯಲ್ಲಿ ನಿಂತು ನಾನು ಪ್ರತಿವರ್ಷ ನೋಡುತ್ತೇನೆ. ತಾಯಿ ಸ್ಕೂಟರ್ ಚಾಲೂ ಮಾಡಿಕೊಂಡೇ ಇರುತ್ತಾರೆ. ಮಗಳು ಓಡಿಬಂದು ಹತ್ತಿ ಕುಳಿತು, ಚೀಲವನ್ನು ಇಬ್ಬರ ನಡುವೆ ತುರುಕಿ, ಮಾಡಿದ ಮೊದಲ ಕೆಲಸವೆಂದರೆ ಕೊಡೆ ಬಿಡಿಸುವುದು. ಬಿಡಿಸಿದ ಕೊಡೆಯನ್ನು ತನ್ನ ತಲೆಯ ಮೇಲಲ್ಲ, ತಾಯಿಯ ತಲೆಯ ಮೇಲಕ್ಕೆ ಚಾಚುತ್ತಾಳೆ. ನೋಡುವವರಿಗೆ ಇದು ಪ್ರೀತಿಯ ದೃಶ್ಯ. ನನಗೆ ಮಾತ್ರ ಎದೆ ಝಲ್ಲೆನ್ನುತ್ತದೆ. ಕಾರಣವನ್ನು ಹೇಳಿಬಿಡುತ್ತೇನೆ.

1996ರ ಜೂನ್ ತಿಂಗಳು. ನಾನು ಅಧ್ಯಾಪಕನಾಗಿ ಸೇರಿ ಎರಡನೆಯ ವರ್ಷ. ಕೈಯಲ್ಲಿ ಒಂದು ಹಳೆಯ ಗೇರಿನ ಸ್ಕೂಟರ್. ಬದಿಯಡ್ಕದ ಕಡೆಯಿಂದ ಕುಂಬಳೆಗೆ ಒಂದು ಮದುವೆಗೆಂದು ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊರಟಿದ್ದೆ. ಅಮ್ಮ ಸೀರೆಯುಟ್ಟು ಎರಡೂ ಕಾಲುಗಳನ್ನು ಒಂದೇ ಬದಿಗೆ ಇಳಿಬಿಟ್ಟು ಕುಳಿತಿದ್ದರು. ಸೀತಾಂಗೋಳಿ ದಾಟಿ ಇಳಿಜಾರಿಗೆ ಬರುವಾಗ ಮಳೆ ಹನಿಯತೊಡಗಿತು. ನಾನು ನಿಲ್ಲಿಸಲಿಲ್ಲ, ಮುಹೂರ್ತಕ್ಕೆ ಹೊತ್ತಾಗುತ್ತದೆಂಬ ಅವಸರ. ಅಮ್ಮ ನನ್ನನ್ನು ಕೇಳದೆ ಕೊಡೆ ಬಿಡಿಸಿದರು. ಮರಗಳ ಮರೆ ಮುಗಿದು ಬಯಲು ಸಿಕ್ಕಿದ ಕಡೆ ಪಡುವಣ ಗಾಳಿ ಎದುರಿನಿಂದ ಬಂದು ಬಡಿಯಿತು. ಮೊದಲು ಕೊಡೆಯ ಅಂಚು ನನ್ನ ಕಣ್ಣಿಗೆ ಅಡ್ಡ ಬಂತು. ಆಮೇಲೆ ಅದು ಒಮ್ಮೆಲೇ ಹಿಂದಕ್ಕೆ ಹೋಯಿತು, ಅದರೊಂದಿಗೆ ಅಮ್ಮನೂ ಹೋದರು. ನಾನು ಬ್ರೇಕು ಹಾಕಿ ತಿರುಗಿ ನೋಡುವಾಗ ಅಮ್ಮ ರಸ್ತೆಯ ಮೇಲೆ ಕುಳಿತು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದರು. ಮಣಿಕಟ್ಟಿನ ಎಲುಬು ಮುರಿದಿತ್ತು. ಹಿಂದಿನಿಂದ ಲಾರಿ ಬರದೆ ಇದ್ದುದು ನಮ್ಮ ಪುಣ್ಯ. ಆಸ್ಪತ್ರೆಯಲ್ಲಿ ಅವರು ಹೇಳಿದ ಮಾತು ಇಷ್ಟೇ: "ನಿನ್ನ ತಲೆ ನೆನೆದು ಶೀತ ಆದೀತೂಂತ ಕೊಡೆ ಹಿಡಿದೆ ಮಗಾ." ಆ ಬಳಿಕ ಬಾವಿಯಿಂದ ನೀರು ಸೇದಲು ಆ ಕೈಗೆ ಆಗಲೇ ಇಲ್ಲ.

ಚಲನೆಯನ್ನೂ ಬಲವನ್ನೂ ಪಾಠ ಹೇಳುತ್ತಿದ್ದ ನಾನು ಅಂದು ಲೆಕ್ಕ ಹಾಕಿರಲಿಲ್ಲ. ಆಮೇಲೆ ಹಾಕಿದೆ. ಅದನ್ನು ನಿಮ್ಮ ಮುಂದಿಡುತ್ತೇನೆ.

ಗಾಳಿ ಒಂದು ವಸ್ತುವಿನ ಮೇಲೆ ಹಾಕುವ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಒಂದು ಮೀಟರ್ ಅಗಲದ ಸಾಮಾನ್ಯ ಕೊಡೆಯೊಂದನ್ನು ಅದರ ಒಳಮೈ ಗಾಳಿಗೆ ಎದುರಾಗುವಂತೆ ಹಿಡಿದರೆ, ಗಂಟೆಗೆ 20 ಕಿಲೋಮೀಟರ್ ಗಾಳಿಯಲ್ಲಿ ಅದು ಸುಮಾರು 2 ಕಿಲೋಗ್ರಾಂ ಭಾರದಷ್ಟು ಎಳೆಯುತ್ತದೆ. 40ರಲ್ಲಿ ಈ ಎಳೆತ ಸುಮಾರು 8 ಕಿಲೋಗ್ರಾಂ, 60ರಲ್ಲಿ ಸುಮಾರು 17. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಸ್ಕೂಟರಿನ ಮೇಲಿರುವವರಿಗೆ ತಾಗುವುದು ಬೀಸುವ ಗಾಳಿಯ ವೇಗ ಮಾತ್ರವಲ್ಲ. ಎದುರುಗಾಳಿಯಾದರೆ ಸ್ಕೂಟರಿನ ವೇಗವೂ ಅದಕ್ಕೆ ಕೂಡುತ್ತದೆ. ನಾನು ಹೋಗುತ್ತಿದ್ದುದು 35ರ ವೇಗದಲ್ಲಿ. ಎದುರಿನಿಂದ 25 ಕಿಲೋಮೀಟರ್ ಗಾಳಿ ಬೀಸಿದ್ದರೆ, ಅದು ಮಳೆಗಾಲದಲ್ಲಿ ದೊಡ್ಡ ಗಾಳಿಯೇನೂ ಅಲ್ಲ, ಒಟ್ಟು 60 ಆಯಿತು. ಅಂದರೆ ಒಂದು ಕೈಯಲ್ಲಿ ಮಡಿಲಿನ ಚೀಲವನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೊಡೆ ಹಿಡಿದಿದ್ದ, ಐವತ್ತು ದಾಟಿದ ಹೆಂಗಸನ್ನು ಯಾರೋ 17 ಕಿಲೋಗ್ರಾಂ ಬಲದಿಂದ ಹಿಂದಕ್ಕೆ ಜಗ್ಗಿದಂತೆ.

"ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದರೆ ಏನೂ ಆಗುವುದಿಲ್ಲ ಸರ್" ಎಂದು ಕಳೆದ ವರ್ಷ ಒಬ್ಬ ವಿದ್ಯಾರ್ಥಿ ನನ್ನೊಡನೆ ವಾದಿಸಿದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊಡೆಯ ಉಬ್ಬಿದ ಹೊರಮೈ ಗಾಳಿಗೆ ಎದುರಾದಾಗ ಗಾಳಿ ಅದರ ಸುತ್ತ ಜಾರಿಹೋಗುತ್ತದೆ. ಬಲ ಮೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ. ಹವಾಮಾನ ಕೇಂದ್ರಗಳಲ್ಲಿ ಗಾಳಿಯ ವೇಗವನ್ನು ಅಳೆಯುವ ಬಟ್ಟಲುಗಳ ಯಂತ್ರವು ತಿರುಗುವುದೂ ಇದೇ ಕಾರಣಕ್ಕೆ: ಬಟ್ಟಲಿನ ಗುಳಿಭಾಗಕ್ಕೆ ಬೀಳುವ ಬಲ ಹೆಚ್ಚು, ಬೆನ್ನಿಗೆ ಬೀಳುವ ಬಲ ಕಡಿಮೆ. ಆದರೆ ರಸ್ತೆಯ ಮೇಲೆ ಗಾಳಿ ಒಂದೇ ದಿಕ್ಕಿನಿಂದ ಬರುವುದಿಲ್ಲ. ತಿರುವು ಬಂತು, ಎದುರಿನಿಂದ ಬಸ್ಸು ಹಾದುಹೋಯಿತು, ಕೊಡೆಯ ಅಂಚು ಒಂದು ಗೇಣು ಮೇಲೆದ್ದಿತು, ಗಾಳಿ ಒಳಹೊಕ್ಕಿತು. ಒಂದು ಕ್ಷಣದ ಹಿಂದೆ ಆರು ಕಿಲೋಗ್ರಾಂ ಇದ್ದ ಬಲ ಹದಿನೇಳಕ್ಕೆ ಹಾರುತ್ತದೆ. ಕೊಡೆ ಮಗುಚಿಕೊಂಡಿತೋ, ಇದ್ದ ಬಲವೂ ಒಮ್ಮೆಲೇ ತಪ್ಪುತ್ತದೆ. ಸಮನಾದ ಬಲಕ್ಕೆ ನಮ್ಮ ಮೈ ಒಗ್ಗಿಕೊಳ್ಳುತ್ತದೆ. ಒಮ್ಮೆಲೇ ಏರುವ, ಒಮ್ಮೆಲೇ ಇಳಿಯುವ ಬಲಕ್ಕೆ ಒಗ್ಗಿಕೊಳ್ಳಲು ಅದಕ್ಕೆ ಸಮಯ ಸಿಗುವುದಿಲ್ಲ. ಅದೂ ಈ ಬಲ ಕೆಲಸ ಮಾಡುವುದು ನೆಲದಿಂದ ಆರಡಿ ಎತ್ತರದಲ್ಲಿ. ಸನ್ನೆಕೋಲಿನ ಪಾಠ ನೆನಪಿದೆಯಷ್ಟೆ? ಕೋಲು ಉದ್ದವಾದಷ್ಟೂ ಸಣ್ಣ ಬಲವೂ ದೊಡ್ಡ ಭಾರವನ್ನು ಹೊರಳಿಸುತ್ತದೆ.

ಇಂಥ ಅಪಘಾತಗಳು ನಮ್ಮ ರಾಜ್ಯದಲ್ಲಿ ಹೆಚ್ಚಾದುದರಿಂದ 2021ರ ಅಕ್ಟೋಬರಿನಲ್ಲಿ ಕೇರಳದ ಸಾರಿಗೆ ಆಯುಕ್ತರು ದ್ವಿಚಕ್ರ ವಾಹನದಲ್ಲಿ ಕೊಡೆ ಹಿಡಿದು ಸಾಗುವುದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿದರು. ಸವಾರನಿಗೂ ಹಿಂಬದಿ ಕುಳಿತವರಿಗೂ ಇದು ಅನ್ವಯ. ಸುತ್ತೋಲೆ ಬಂದರೂ ನಮ್ಮ ಗೇಟಿನ ಎದುರಿನ ದೃಶ್ಯವೇನೂ ಬದಲಾಗಿಲ್ಲ.

ಇನ್ನು ನೆಲದ ವಿಚಾರಕ್ಕೆ ಬರೋಣ. ಸ್ಕೂಟರಿನ ಎರಡು ಟಯರುಗಳೂ ಸೇರಿ ರಸ್ತೆಯನ್ನು ಮುಟ್ಟುವ ಜಾಗ ಎಷ್ಟೆಂದು ಬಲ್ಲಿರಾ? ಹೆಚ್ಚುಕಡಿಮೆ ನಿಮ್ಮ ತಂದೆಯವರ ಒಂದು ಅಂಗೈಯಷ್ಟು. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ಅಂಗೈಯಗಲದ ಘರ್ಷಣೆಯಿಂದಲೇ. ಟಯರಿನ ಮೇಲಿರುವ ಗೀರುಗಳನ್ನು ಅಂದಕ್ಕಾಗಿ ಕೊರೆದುದಲ್ಲ. ರಸ್ತೆಯ ನೀರು ಆ ಚಡಿಗಳ ಮೂಲಕ ಪಕ್ಕಕ್ಕೆ ಹರಿದುಹೋದರೆ ಮಾತ್ರ ರಬ್ಬರು ಡಾಮರನ್ನು ಹಿಡಿದೀತು. ಚಡಿ ಸವೆದು ನುಣುಪಾದ ಟಯರು ಬೇಸಗೆಯಲ್ಲಿ ದೋಷವನ್ನು ತೋರಿಸುವುದಿಲ್ಲ, ಜೂನ್‌ನಲ್ಲಿ ತೋರಿಸುತ್ತದೆ.

ಒಣ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಸ್ಕೂಟರಿನ ಎದುರು ಒಂದು ದನ ಬಂತೆಂದು ಇಟ್ಟುಕೊಳ್ಳಿ. ಕಣ್ಣು ಕಂಡು, ಮನಸ್ಸು ಅರಿತು, ಕೈ ಬ್ರೇಕು ಹಿಡಿಯಲು ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 11 ಮೀಟರ್ ಕಳೆದಿರುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಇನ್ನೂ 9 ಮೀಟರ್. ಒಟ್ಟು 20. ಒದ್ದೆ ರಸ್ತೆಯಲ್ಲಿ ಹಿಡಿತ ಸುಮಾರು ಐದರಲ್ಲಿ ಮೂರು ಪಾಲಿಗೆ ಇಳಿಯುವುದರಿಂದ ಆ 9 ಮೀಟರ್ 15 ಆಗುತ್ತದೆ, ಒಟ್ಟು 26. ನಮ್ಮ ತರಗತಿಯ ಕೋಣೆ 6 ಮೀಟರ್ ಉದ್ದವಿದೆ. ನಾಲ್ಕು ಕೋಣೆಗಳನ್ನು ದಾಟಿ ಐದನೆಯದರ ಹೊಸ್ತಿಲಲ್ಲಿ ಸ್ಕೂಟರ್ ನಿಂತಿತು ಎಂದಾಯಿತು. ಅದೇ ಒದ್ದೆ ರಸ್ತೆಯಲ್ಲಿ 60ರ ವೇಗವಿದ್ದರೆ 50 ಮೀಟರಿಗೂ ಹೆಚ್ಚು ಬೇಕು. ಮುಂದಿನ ವಾಹನದಿಂದ ಎಷ್ಟು ದೂರವಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಜಾರುವ ರಸ್ತೆ ಯಾವುದು? ಜಡಿಮಳೆಯ ರಸ್ತೆಯೆಂದು ನೀವು ಊಹಿಸಿದರೆ ತಪ್ಪು. ತಿಂಗಳುಗಟ್ಟಲೆ ಬಿಸಿಲಿನಲ್ಲಿ ರಸ್ತೆಯ ಮೇಲೆ ವಾಹನಗಳ ಎಣ್ಣೆ, ಟಯರಿನ ಪುಡಿ, ಧೂಳು ಕೂತಿರುತ್ತವೆ. ಮೊದಲ ಮಳೆಯ ನಾಲ್ಕು ಹನಿಗಳು ಇವನ್ನು ಕಲಸಿ ಸಾಬೂನಿನಂತಹ ಪದರವನ್ನಾಗಿ ಮಾಡುತ್ತವೆ. ಗಟ್ಟಿ ಮಳೆ ಸ್ವಲ್ಪ ಹೊತ್ತು ಸುರಿದರೆ ಇದು ತೊಳೆದುಹೋಗುತ್ತದೆ. ಆದ್ದರಿಂದ ಮಳೆ ತೊಡಗಿದ ಮೊದಲ ಕಾಲುಗಂಟೆ ಎಲ್ಲಾದರೂ ಜಗಲಿಯಲ್ಲಿ ನಿಂತವನು ನಷ್ಟಪಡುವುದಿಲ್ಲ. ನಮ್ಮೂರಿನಲ್ಲಿ ಇದರ ಜೊತೆಗೆ ಬೇರೆ ಕೆಲವೂ ಇವೆ. ಗುಡ್ಡದಿಂದ ಹರಿದುಬಂದ ಕೆಂಪು ಮಣ್ಣು, ತೋಟದ ಬದಿಯಲ್ಲಿ ಬಿದ್ದ ಅಡಿಕೆ ಹಾಳೆ ಮತ್ತು ಸೋಗೆ, ಮರದ ನೆರಳಿನ ತಿರುವುಗಳಲ್ಲಿ ಹಿಡಿದ ಪಾಚಿ. ಹಾಳೆಯ ಒಳಮೈ ಎಷ್ಟು ಜಾರುತ್ತದೆಂಬುದು ಹಾಳೆಯ ಮೇಲೆ ಕುಳಿತು ಎಳೆಸಿಕೊಂಡು ಆಡಿದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಣ್ಣ ಬಳಿದ ಬಿಳಿ ಪಟ್ಟಿಗಳೂ ಕಬ್ಬಿಣದ ಮುಚ್ಚಳಗಳೂ ಅಷ್ಟೇ. ಕರಾವಳಿಯ ಊರುಗಳಿಗೆ ಹೋಗುವ ದಾರಿಯಲ್ಲಿ ರೈಲು ಗೇಟುಗಳಿದ್ದರೆ ಹಳಿಯನ್ನು ಓರೆಯಾಗಿ ದಾಟಬಾರದು. ಒದ್ದೆ ಉಕ್ಕಿನ ಮೇಲೆ ಓರೆಯಾಗಿ ಏರಿದ ಚಕ್ರ ಹಳಿಯುದ್ದಕ್ಕೂ ಜಾರುತ್ತದೆ. ನೇರವಾಗಿ, ನಿಧಾನವಾಗಿ, ಬ್ರೇಕು ಮುಟ್ಟದೆ ದಾಟಬೇಕು.

ಸ್ಕೂಟರಿನ ಚಕ್ರ ಬೈಕಿನ ಚಕ್ರಕ್ಕಿಂತ ಚಿಕ್ಕದು. ಬಹಳಷ್ಟು ಸ್ಕೂಟರುಗಳಿಗೆ 10 ಅಥವಾ 12 ಇಂಚಿನ ಚಕ್ರ. ದೊಡ್ಡ ಚಕ್ರ ಹಾರಿಹೋಗುವ ಹೊಂಡದಲ್ಲಿ ಚಿಕ್ಕ ಚಕ್ರ ಕೂತುಬಿಡುತ್ತದೆ. ಮಳೆಗಾಲದಲ್ಲಿ ಹೊಂಡದಲ್ಲಿ ನೀರು ತುಂಬಿ ಅದರ ಆಳ ಕಾಣದು. ನೀರು ನಿಂತ ಕಡೆಯೆಲ್ಲ ಹೊಂಡವಿದೆ ಎಂದೇ ಭಾವಿಸಿ ವೇಗ ಇಳಿಸುವುದೊಂದೇ ದಾರಿ. ಒಮ್ಮೆಲೇ ಪಕ್ಕಕ್ಕೆ ಹೊರಳಿಸಿದರೆ ಹಿಂದಿನಿಂದ ಬರುವ ಬಸ್ಸಿನವನಿಗೆ ಅದು ಗೊತ್ತಾಗುವುದಿಲ್ಲ.

ಬ್ರೇಕಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಬಹುಕಾಲದಿಂದ ಇದೆ. "ಮಳೆಯಲ್ಲಿ ಮುಂದಿನ ಬ್ರೇಕು ಮುಟ್ಟಬಾರದು" ಎನ್ನುತ್ತಾರೆ. ಬ್ರೇಕು ಹಾಕಿದಾಗ ಜಡತ್ವದಿಂದ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರವನ್ನು ಮಾತ್ರ ಗಟ್ಟಿಯಾಗಿ ಹಿಡಿದರೆ ಅದು ತಿರುಗುವುದನ್ನು ನಿಲ್ಲಿಸಿ ಬಾಲದಂತೆ ಬೀಸುತ್ತದೆ. ಎರಡನ್ನೂ ಒಟ್ಟಿಗೆ, ನೇರವಾಗಿ ಹೋಗುತ್ತಿರುವಾಗ, ನಿಂಬೆಹಣ್ಣು ಹಿಂಡುವಂತೆ ಮೆಲ್ಲಗೆ ಒತ್ತಿ ಬಿಗಿಮಾಡುತ್ತ ಬರಬೇಕು. ತಿರುವಿನ ಒಳಗೆ ಬ್ರೇಕು ಬೇಡ. ತಿರುವಿಗೆ ಮೊದಲೇ ವೇಗ ಇಳಿದಿರಲಿ. 2019ರ ಏಪ್ರಿಲ್ ಬಳಿಕ ತಯಾರಾದ 125 ಸಿ.ಸಿ. ವರೆಗಿನ ಸ್ಕೂಟರುಗಳಲ್ಲಿ ಒಂದು ಬ್ರೇಕು ಹಿಡಿದರೆ ಎರಡೂ ಚಕ್ರಗಳಿಗೆ ತಾಗುವ ಜೋಡು ಬ್ರೇಕಾದರೂ ಚಕ್ರ ಬಿಗಿಯದಂತೆ ತಡೆಯುವ ಎ.ಬಿ.ಎಸ್. ಆದರೂ ಇರಲೇಬೇಕು. ಹಳೆಯ ಗಾಡಿಗಳಲ್ಲಿ ಇವು ಇಲ್ಲ. ಅಲ್ಲಿ ಸವಾರನ ಬೆರಳುಗಳೇ ಲೆಕ್ಕ ಹಾಕಬೇಕು. ನೀರಿನಲ್ಲಿ ಹಾದುಬಂದ ಮೇಲೆ ಡ್ರಮ್ಮಿನ ಬ್ರೇಕು ಸರಿಯಾಗಿ ಹಿಡಿಯದು. ಹತ್ತಿಪ್ಪತ್ತು ಮೀಟರ್ ಬ್ರೇಕನ್ನು ಸ್ವಲ್ಪ ಒತ್ತಿಕೊಂಡೇ ನಿಧಾನ ಓಡಿಸಿದರೆ ಬಿಸಿಯಾಗಿ ಒಣಗುತ್ತದೆ.

ಗಾಳಿಯ ದಿಕ್ಕನ್ನು ಮೊದಲೇ ಅರಿಯುವ ಅನುಕೂಲ ನಮ್ಮ ಜಿಲ್ಲೆಯವರಿಗೆ ಉಂಟು. ನಮ್ಮ ರಾಷ್ಟ್ರೀಯ ಹೆದ್ದಾರಿ 66 ಸಮುದ್ರದ ಮಗ್ಗುಲಲ್ಲೇ ತೆಂಕು ಬಡಗಾಗಿ ಸಾಗುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ ಬರುತ್ತದೆ. ಮಂಗಳೂರಿನ ಕಡೆಗೆ ಹೋಗುವವರಿಗೆ ಅದು ಎಡಗಡೆಯಿಂದ ಬಡಿದು ರಸ್ತೆಯ ನಡುವಿಗೆ, ವೇಗದ ವಾಹನಗಳ ಕಡೆಗೆ ತಳ್ಳುತ್ತದೆ. ಕಾಸರಗೋಡಿನ ಕಡೆಗೆ ಬರುವವರಿಗೆ ಬಲಗಡೆಯಿಂದ ಬಡಿದು ರಸ್ತೆಯ ಅಂಚಿಗೆ ತಳ್ಳುತ್ತದೆ. ಮನೆಗಳೂ ತೆಂಗಿನ ತೋಟಗಳೂ ಇರುವಲ್ಲಿ ಈ ಗಾಳಿಗೆ ಮರೆಯಿದೆ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಸೇತುವೆಗಳ ಮೇಲೆ ಮರೆಯಿಲ್ಲ. ಸೇತುವೆ ಸಿಗುವ ಮೊದಲೇ ವೇಗವನ್ನು ಇಳಿಸಿ, ಮೈಯನ್ನು ಸ್ವಲ್ಪ ಬಗ್ಗಿಸಿ, ಮೊಣಕೈಗಳನ್ನು ಸಡಿಲ ಬಿಟ್ಟು ಹೋಗಬೇಕು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಗಾಳಿ ಮೈಯನ್ನು ಅಲುಗಿಸಿದಷ್ಟೂ ಹ್ಯಾಂಡಲೂ ಅಲುಗುತ್ತದೆ. ಗಾಳಿ ಬರುವ ಬದಿಯಲ್ಲಿ ಲಾರಿಯೊಂದು ನಿಮ್ಮನ್ನು ದಾಟುತ್ತಿದ್ದರೆ ಅದು ಹಾದುಹೋಗುವಷ್ಟು ಹೊತ್ತು ಗಾಳಿ ನಿಂತುಬಿಡುತ್ತದೆ, ಮರುಗಳಿಗೆಯಲ್ಲಿ ಇಮ್ಮಡಿಯಾಗಿ ಬಂದಂತೆ ತೋರುತ್ತದೆ. ಇದು ಗೊತ್ತಿದ್ದವನು ಬೆಚ್ಚುವುದಿಲ್ಲ.

ಹಾಗಾದರೆ ನೆನೆಯುವುದೇ? ಮಳೆಕೋಟು ಇದೆಯಲ್ಲ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಿಂದೆ ಬೆನ್ನ ಮೇಲೆ ಗೊರಬೆ ಹೊದ್ದುಕೊಳ್ಳುತ್ತಿದ್ದುದನ್ನು ನಿಮ್ಮ ಅಜ್ಜಿಯಂದಿರನ್ನು ಕೇಳಿ ತಿಳಿಯಿರಿ. ಎರಡೂ ಕೈಗಳು ಕೆಲಸಕ್ಕೆ ಬಿಡುವಾಗಿರಬೇಕೆಂದೇ ಅದನ್ನು ಹಾಗೆ ಹೆಣೆದುದು. ಸ್ಕೂಟರಿನಲ್ಲಿಯೂ ನಮಗೆ ಬೇಕಾದುದು ಅದೇ. ಅಂಗಿ ಮತ್ತು ಪ್ಯಾಂಟು ಬೇರೆಬೇರೆಯಾಗಿ ಮೈಗೆ ಹತ್ತಿಕೊಂಡಿರುವ ಮಳೆಕೋಟು ಒಳ್ಳೆಯದು. ಕಂಬಳಿಯಂತೆ ಹೊದ್ದುಕೊಳ್ಳುವಂಥದು ಗಾಳಿಗೆ ಉಬ್ಬಿ ಕೊಡೆಯ ಕೆಲಸವನ್ನೇ ಮಾಡುತ್ತದೆ. ಹಳದಿ ಅಥವಾ ಕಿತ್ತಳೆ ಬಣ್ಣದ್ದು ಮಬ್ಬಿನಲ್ಲಿ ದೂರಕ್ಕೆ ಕಾಣುತ್ತದೆ. ಕಪ್ಪು ಕೋಟು ಕಾಣದು. ಕೋಟಿನ ಅಂಚು, ಸೀರೆಯ ಸೆರಗು, ಚೂಡಿದಾರದ ಶಾಲು ಹಿಂದಿನ ಚಕ್ರಕ್ಕೆ ಸಿಗದಂತೆ ಕಟ್ಟಿಕೊಂಡೇ ಹತ್ತಬೇಕು. ಕಾಲುಗಳು ಎರಡೂ ಬದಿಗೆ ಇರಲಿ. ಚೀಲ ಬೆನ್ನ ಮೇಲಿರಲಿ, ಕೈಗಳು ಸವಾರನ ಸೊಂಟವನ್ನೋ ಹಿಡಿಕೆಯನ್ನೋ ಹಿಡಿದಿರಲಿ. ಇಬ್ಬರಿಗೂ ಹೆಲ್ಮೆಟ್ ಬೇಕೆಂಬುದು ಕಾನೂನು. ಹೆಲ್ಮೆಟ್‌ನ ಗಾಜು ಒಳಗಿನಿಂದ ಮಂಜಾಗುವುದೇ ಅನೇಕರು ಅದನ್ನು ತೆಗೆದಿಡಲು ಹೇಳುವ ನೆಪ. ಒಳಗಡೆ ಸ್ವಲ್ಪ ಸಾಬೂನು ಸವರಿ ಒಣಬಟ್ಟೆಯಿಂದ ಒರಸಿದರೆ ಮಂಜು ಕೂರುವುದಿಲ್ಲ. ಗಾಜನ್ನು ಒಂದು ಬೆರಳಿನಷ್ಟು ಎತ್ತಿಟ್ಟರೂ ಸಾಕು. ಹಗಲಾದರೂ ದೀಪ ಉರಿಯುತ್ತಿರಲಿ. 2017ರ ಬಳಿಕದ ಸ್ಕೂಟರುಗಳಲ್ಲಿ ಅದು ತಾನಾಗಿ ಉರಿಯುತ್ತದೆ, ಹಳೆಯವುಗಳಲ್ಲಿ ನಾವೇ ಹಾಕಬೇಕು.

ಮೋರಿ, ಕಿರುಸೇತುವೆಗಳ ಮೇಲೆ ಹರಿಯುವ ನೀರನ್ನು ಕಂಡರೆ ಹಿಂತಿರುಗಿ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮೇಲೆ ಹೇಳಿದ ಗಾಳಿಯ ಲೆಕ್ಕವನ್ನು 800ರಿಂದ ಗುಣಿಸಿ ನೋಡಿದರೆ ಮೊಣಕಾಲೆತ್ತರದ ಹರಿವು ಸ್ಕೂಟರನ್ನು ಏಕೆ ಎಳೆದುಕೊಂಡು ಹೋಗುತ್ತದೆಂದು ತಿಳಿಯುತ್ತದೆ. ಗುಡುಗು ಮಿಂಚು ಬಂದರೆ ತೆಂಗಿನ ಅಥವಾ ಬೇರೆ ಮರದ ಅಡಿಯಲ್ಲಿ ನಿಲ್ಲದೆ ಕಟ್ಟಡದೊಳಗೆ ಹೋಗಿ. ತಂತಿ ಕಡಿದು ಬಿದ್ದಿದ್ದರೆ ದೂರದಿಂದಲೇ ಬೇರೆಯವರನ್ನು ತಡೆದು ವಿದ್ಯುತ್ ಮಂಡಳಿಗೆ ತಿಳಿಸಿ.

ಹೆತ್ತವರಲ್ಲಿ ಎರಡು ಮಾತು. ಹದಿನೆಂಟು ತುಂಬದ ಮಗನ ಕೈಗೆ ಸ್ಕೂಟರಿನ ಕೀಲಿ ಕೊಟ್ಟು "ಮಳೆ ಬರುತ್ತದೆ, ತಂಗಿಯನ್ನು ಕರೆದುಕೊಂಡು ಬಾ" ಎಂದು ಕಳುಹಿಸುವ ಮನೆಗಳಿವೆ. 2019ರ ತಿದ್ದುಪಡಿಯ ಪ್ರಕಾರ ಆ ತಪ್ಪಿಗೆ ಜೈಲೂ ಇಪ್ಪತ್ತೈದು ಸಾವಿರ ರೂಪಾಯಿ ದಂಡವೂ ಹೆತ್ತವರಿಗೇ. ಎರಡನೆಯದು, ಮಳೆ ಜೋರಿದ್ದರೆ ಗೇಟಿನಲ್ಲಿ ಹಾರ್ನ್ ಹೊಡೆದು ಅವಸರಪಡಿಸಬೇಡಿ. ಒಳಗೆ ಬನ್ನಿ. ಜಗಲಿಯಲ್ಲಿ ಬೆಂಚುಗಳಿವೆ, ಅರ್ಧ ಗಂಟೆ ಕುಳಿತರೆ ಮಳೆಯ ಬಿರುಸು ಇಳಿಯುತ್ತದೆ. ಮಕ್ಕಳು ತಡವಾಗಿ ಮನೆಗೆ ಬಂದರೆ ಅಜ್ಜಿಯಂದಿರು ಗದರದಿರಲಿ.

ಟಯರನ್ನು ಏಪ್ರಿಲ್, ಮೇ ತಿಂಗಳಲ್ಲೇ ನೋಡಿಬಿಡಿ. ಚಡಿಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬುಗುರುತುಗಳಿವೆ. ಸವೆದ ಮೇಲ್ಮೈ ಆ ಗುರುತಿನ ಮಟ್ಟಕ್ಕೆ ಬಂದಿದ್ದರೆ ಟಯರಿನ ಆಯುಸ್ಸು ಮುಗಿಯಿತು. ಇದನ್ನು ಪರೀಕ್ಷಿಸುವ ಕೆಲಸವನ್ನು ಎಂಟನೆಯ ತರಗತಿಯವರೂ ಮಾಡಬಹುದು.

ಜೂನ್ ಮೊದಲ ವಾರ ಪ್ರಯೋಗಶಾಲೆಯ ಸ್ಪ್ರಿಂಗ್ ತ್ರಾಸನ್ನು ನಾನು ಮೈದಾನಕ್ಕೆ ತರುತ್ತೇನೆ. ಹಳೆಯ ಟಯರಿನ ತುಂಡೊಂದನ್ನು ಇಟ್ಟಿಗೆಗೆ ಕಟ್ಟಿ ಒಣ ಸಿಮೆಂಟಿನ ಮೇಲೆಯೂ ಕೆಸರಿನ ನೀರು ಹಾಕಿದ ಸಿಮೆಂಟಿನ ಮೇಲೆಯೂ ಎಳೆದು ಅಂಕೆಗಳನ್ನು ಬರೆದುಕೊಳ್ಳೋಣ. ಆಮೇಲೆ ಪಡುವಣದ ಗಾಳಿಗೆ ಮುಖಮಾಡಿ ನಿಂತು ಕೊಡೆಯ ಹಿಡಿಗೆ ತ್ರಾಸು ಸಿಕ್ಕಿಸಿ ಅದು ಎಷ್ಟು ಎಳೆಯುತ್ತದೆಂದು ಓದೋಣ, ಮೊದಲು ಹೊರಮೈ ತೋರಿಸಿ, ಅನಂತರ ಒಳಮೈ. ಕೊಡೆಗಳನ್ನು ನೀವು ತನ್ನಿ. ಹಳೆಯದಾದರೆ ಒಳ್ಳೆಯದು, ಒಂದೆರಡು ಮಗುಚಿ ಮುರಿಯುವ ಸಂಭವವಿದೆ.